ಗರಡಿ ಸಾಮು (ಚಿಕ್ಕೋಡಿ ಸೀಮೆ)

ಗರಡಿ ಸಾಮು ಎಂದರೆ ಕುಸ್ತಿ ಕಲಿಯುವವರು ಗರಡಿಮನೆಯಲ್ಲಿ ದಿನವೂ ಮಾಡುವ ಅಂಗಸಾಧನೆ, ಜೋಡಿ ಹಿಡಿದು ಮಾಡುವ ಪಟ್ಟುಗಳ ರೂಢಿ, ಇವುಗಳ ಬೆನ್ನಿಗೇ ಬರುವ ಊಟ-ನಿದ್ದೆಯ ಕಟ್ಟಳೆ, ಎಲ್ಲವೂ ಸೇರಿದ್ದು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಗರಡಿಮನೆಗೆ ‘ತಾಲೀಮು’ ಎಂಬ ಹೆಸರೂ ಉಂಟು. ಕಲಿಸುವವನು ವಸ್ತಾದ, ಕಲಿಯುವವನು ಪೈಲ್ವಾನ, ಅವನ ಊಟ ಖುರಾಕು. ಇಲ್ಲಿನ ಕಾಳಗಕಲೆಗಳಲ್ಲಿ ಊರೂರಲ್ಲಿ ಬೇರೂರಿದ್ದು ಕುಸ್ತಿಯೇ. ಕರಾಟೆ, ಟೇಕ್ವಾಂಡೊಗಳು ಶಾಲೆಗಳ ಮೂಲಕ ಈಚೆಗೆ ಬಂದವು. ಅವುಗಳ ವಿಚಾರ ಇಲ್ಲಿಲ್ಲ.

ಇತಿಹಾಸ

ಕನ್ನಡ ನಾಡಿನ ಮಲ್ಲವಿದ್ಯೆಯ ಬಗ್ಗೆ ವಿವರವಾಗಿ ಹೇಳುವ ಹಳೆಯ ಗ್ರಂಥಗಳಲ್ಲಿ ಮುಖ್ಯವಾದದ್ದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. 1129ರ ಸುಮಾರಿನ ಈ ಸಂಸ್ಕೃತ ಗ್ರಂಥದ ಮಲ್ಲವಿನೋದ ಪ್ರಕರಣ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆಗೆ ವಿಂಗಡಿಸುತ್ತದೆ. ಕನ್ನಡದ ‘ಜಟ್ಟಿ’ ಈ ಜ್ಯೇಷ್ಠಿಕದಿಂದಲೇ ಬಂದಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಊಹೆ. ಈ ಲೇಖನಕ್ಕೆ ಹೆಚ್ಚು ಸಂಬಂಧಿಸಿದ್ದು ಅದರ ವ್ಯಾಯಾಮದ ಪಟ್ಟಿ. ಭಾರಶ್ರಮ ಎಂದರೆ ತೂಕ ಎತ್ತುವುದು, ಭ್ರಮಣಶ್ರಮ ಎಂದರೆ ನಡಿಗೆ, ಸಲಿಲಶ್ರಮ ಎಂದರೆ ಈಜು. ತೋಳಿಗೆ ತೋಳು ಕೊಟ್ಟು ನೂಕುವ ಬಾಹುಪೆಲ್ಲಣಕಶ್ರಮ, ಕಂಬ ಹತ್ತಿ ಇಳಿಯುವ ಸ್ತಂಭಶ್ರಮ ಬೇರೆ. ಬಲ, ದಮ್ಮು, ಹಿಡಿತ, ಸಮತೋಲಗಳನ್ನು ಬೇರೆಬೇರೆಯಾಗಿ ಬೆಳೆಸಬೇಕೆಂಬ ತಿಳಿವಳಿಕೆ ಒಂಬೈನೂರು ವರ್ಷದ ಹಿಂದೆಯೇ ಇತ್ತೆಂಬುದಕ್ಕೆ ಇಷ್ಟು ಸಾಕು. ಉದ್ದು, ಹಾಲು, ಮೊಸರು, ತುಪ್ಪ, ಮಾಂಸಗಳ ಆಹಾರಕ್ರಮವನ್ನೂ ಸೋಮೇಶ್ವರ ಬಿಟ್ಟಿಲ್ಲ. ಆದರೆ ಅದು ಅರಮನೆಯ ಖರ್ಚಿನಲ್ಲಿ ಸಾಕಿದ ಮಲ್ಲರ ಚಿತ್ರ. ಹಳ್ಳಿಯ ಗರಡಿಯ ಚಿತ್ರವೆಂದು ಓದಬಾರದು.

ಚಿಕ್ಕೋಡಿ ಸೀಮೆಯ ಈಗಿನ ಕುಸ್ತಿಗೆ ರೂಪ ಕೊಟ್ಟದ್ದು ಕೊಲ್ಹಾಪುರ. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ತಾವೇ ಕುಸ್ತಿ ಬಲ್ಲವರು. ಉತ್ತರದ ಹೆಸರಾಂತ ಪೈಲ್ವಾನರಿಗೆ ಆಶ್ರಯ ಕೊಟ್ಟರು, ತಾಲೀಮುಗಳನ್ನು ಪೋಷಿಸಿದರು, ಖಾಸಬಾಗ ಮೈದಾನ ಕಟ್ಟಿಸಿದರು. ನಡುವೆ ಕುಸ್ತಿಯ ಕಣ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರುವ ಆಸನ ಇರುವ ಈ ಮೈದಾನ 1912ರಲ್ಲಿ ಸಿದ್ಧವಾಯಿತು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದ್ದೇ. ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ಗಡಿ ಯಾವುದಾದರೇನು, ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿ.ಮೀ. ಹೊಲಮನೆ ಇದ್ದ ರೈತ ಮಗನನ್ನು ಗಂಗಾವೇಸ, ಮೋತಿಬಾಗ ಅಥವಾ ಶಾಹುಪುರಿ ತಾಲೀಮಿಗೆ ಬಿಟ್ಟು, ಖುರಾಕಿಗೆ ಹಣ ಕಳಿಸುವ ರೂಢಿ ಬೆಳೆಯಿತು. 1956ರಲ್ಲಿ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಪೈಲ್ವಾನನ ದಾರಿ ಪಡುವಣಕ್ಕೇ ಉಳಿಯಿತು.

ಇದೇ ಮಣ್ಣಿನ ಪರಂಪರೆಯಲ್ಲಿ ಬೆಳೆದ ಇಬ್ಬರ ಹೆಸರು ಹೇಳಲೇಬೇಕು. ಕೃಷ್ಣೆಯ ಮೇಲ್ದಂಡೆಯ ಕರಾಡದ ಬಳಿಯ ಗೋಳೇಶ್ವರದವರಾದ ಖಾಶಾಬಾ ಜಾಧವ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯವರಾದರು, 1952ರ ಹೆಲ್ಸಿಂಕಿಯಲ್ಲಿ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಕಾಗವಾಡಕ್ಕೆ ನೆರೆಯ ಸಾಂಗಲಿ ಜಿಲ್ಲೆಯ ಕವಠೆ ಪಿರಾಣದ ಮಾರುತಿ ಮಾನೆ 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು.

ವಸ್ತಾದ, ಪೈಲ್ವಾನ, ಕುಸ್ತಿ ಪಾರಸಿಯಿಂದ ಬಂದ ಮಾತುಗಳು, ತಾಲೀಮು ಅರಬ್ಬಿಯದು. ಆದರೆ ಕಣದ ಎದುರು ಗೂಡಿನಲ್ಲಿರುವವನು ಹನುಮಂತ. ಜಾತ್ರೆಗೂ ಉರುಸಿಗೂ ಕುಸ್ತಿ ಮೈದಾನ ಹೂಡುವ ಈ ಸೀಮೆಯಲ್ಲಿ ಈ ಹೊಂದಿಕೆಯನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ.

ಮಣ್ಣು ಮತ್ತು ಸಾಮು

ಕಣದ ಮಣ್ಣು ಹೊಲದ ಮಣ್ಣಲ್ಲ. ಕಲ್ಲುಹರಳು ಉಳಿಯದಂತೆ ಜರಡಿ ಹಿಡಿದ ಕೆಂಪುಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಬೆವರಿದ ಮೈಯಿಂದ ಕೈ ಜಾರದಂತೆ ಎದುರಾಳಿಯ ಬೆನ್ನಿಗೆ ಎರಚುವುದೂ ಇದೇ ಮಣ್ಣು. ಅರಿಸಿನಕ್ಕೆ ನಂಜು ತಡೆಯುವ ಗುಣ ಇರುವುದು ನಿಜ. ಹಾಗೆಂದು ಕಣದಲ್ಲಿ ಚರ್ಮರೋಗ ಹರಡುವುದೇ ಇಲ್ಲವೆಂಬ ನಂಬಿಕೆಗೆ ಆಧಾರ ಸಾಲದು.

ನಸುಕಿನಲ್ಲಿ ಮೊದಲ ಕೆಲಸ ಕಣ ಅಗೆಯುವುದು. ನಿನ್ನೆ ತುಳಿದು ಗಟ್ಟಿಯಾದ ನೆಲವನ್ನು ಹುಡುಗರು ಸರದಿಯಂತೆ ಗುದ್ದಲಿ ಹಿಡಿದು ಒಂದು ಮೊಳ ಸಡಿಲಿಸುತ್ತಾರೆ. ಆಮೇಲೆ ಹಲಗೆಯ ಮೇಲೆ ಒಬ್ಬನನ್ನು ಕೂಡಿಸಿ, ಹಗ್ಗ ಕಟ್ಟಿ ಎಳೆದು ಸಮ ಮಾಡುತ್ತಾರೆ. ಹೊಸಬರು ಇದನ್ನು ಕೂಲಿಯೆಂದು ಬೇಸರಪಡುವುದುಂಟು. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಇಡೀ ಸಾಮಿನಲ್ಲಿ ಸೊಂಟಕ್ಕೂ ಮುಂಗೈಗೂ ಇಷ್ಟು ಪೂರ್ತಿಯಾಗಿ ಒದಗುವ ವ್ಯಾಯಾಮ ಇನ್ನೊಂದಿಲ್ಲ.

ನಂತರ ದಂಡ, ಬೈಠಕ್. ದಂಡದಲ್ಲಿ ಎದೆ ನೆಲದ ಮಟ್ಟಕ್ಕಿಳಿದು ಹಾವಿನಂತೆ ಮುಂದೆ ಸರಿದು ಏಳುವುದರಿಂದ ಭುಜ, ಎದೆ, ಬೆನ್ನುಗಂಬ ಮೂರೂ ಒಂದೇ ಉಸಿರಿನ ಲೆಕ್ಕಕ್ಕೆ ಬರುತ್ತವೆ. ಬೈಠಕ್ ತೊಡೆಗೂ ದಮ್ಮಿಗೂ. ಗದೆಯನ್ನು ಬೆನ್ನ ಹಿಂದಿನಿಂದ ತಿರುಗಿಸಿ ಭುಜದ ಮೇಲಕ್ಕೆ ತರುವುದು ಹೆಗಲಿನ ಕೀಲಿಗೆ, ಹಗ್ಗ ಹತ್ತುವುದು ಹಿಡಿತಕ್ಕೆ. ತಲೆ ಮತ್ತು ಪಾದ ಮಾತ್ರ ನೆಲಕ್ಕೂರಿ ಮೈಯನ್ನು ಕಮಾನಾಗಿ ಎತ್ತುವ ಸಾಧನೆ ಕುತ್ತಿಗೆಗೆ. ಕುತ್ತಿಗೆ ಬಲಿಯದ ಹುಡುಗನನ್ನು ಜಾಣ ವಸ್ತಾದ ಜೋಡಿಗೆ ಬಿಡುವುದಿಲ್ಲ.

ಕಡೆಗೆ ಜೋಡಿ ಹಿಡಿಯುವುದು. ಢಾಕ, ಕಲಾಜಂಗ, ಘಿಸ್ಸಾ, ಧೋಬಿಪಛಾಡದಂಥ ಪಟ್ಟುಗಳನ್ನು ಬಾಯಲ್ಲಿ ವಿವರಿಸುವ ವಸ್ತಾದರು ವಿರಳ. ಹುಡುಗನ ಮಣಿಕಟ್ಟು ಹಿಡಿದು ಅದು ಇರಬೇಕಾದ ಜಾಗಕ್ಕೆ ಒಯ್ದು ಇಡುತ್ತಾರೆ, ‘ಹಾಂ, ಇಲ್ಲಿ’ ಎನ್ನುತ್ತಾರೆ. ಪಾಠ ಮುಗಿಯಿತು.

ದೇಹಕ್ಕೆ ಆಗುವುದು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ, ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು-ಮೂಳೆ ಬಲಿಸುವ ವ್ಯಾಯಾಮ ಹೇಳುತ್ತದೆ. ತಾಲೀಮಿನ ಹುಡುಗ ಇದನ್ನು ಬೆಳಗಿನ ಸರದಿಯಲ್ಲೇ ದಾಟಿರುತ್ತಾನೆ. ಮೂಳೆ ಗಟ್ಟಿಯಾಗುವುದು ಹೆಚ್ಚಾಗಿ ಹರೆಯದಲ್ಲಿ. ಭಾರ ಹೊರುವ, ನೂಕುವ, ಬೀಳುವ ಆಟಗಳು ಆ ವಯಸ್ಸಿನಲ್ಲಿ ಅದನ್ನು ಹೆಚ್ಚಿಸುತ್ತವೆ. ಬೀಳುವ ಕಲೆಯೂ ಸಣ್ಣದಲ್ಲ: ಗದ್ದ ಎದೆಗೊತ್ತಿ, ಮೈ ಉಂಡೆ ಮಾಡಿ ನೆಲ ಮುಟ್ಟುವ ಅಭ್ಯಾಸ ಜೀವಮಾನಪೂರ್ತಿ ಉಳಿಯುವಂಥದ್ದು.

ಮಣ್ಣಿನ ಕಣದ ಜಂಗಿ ನಿಕಾಲಿ ಕುಸ್ತಿಗೂ ಮ್ಯಾಟಿನ ಕುಸ್ತಿಗೂ ದೇಹ ಹೊಂದುವ ರೀತಿ ಬೇರೆ. ಮ್ಯಾಟಿನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಅಂಕದ ಲೆಕ್ಕ. ಅದಕ್ಕೆ ಸಿಡಿಯುವ ವೇಗ ಬೇಕು. ನಿಕಾಲಿಯಲ್ಲಿ ಬೆನ್ನು ಮಣ್ಣು ಮುಟ್ಟಿ ಚಿತ್ ಆಗುವವರೆಗೆ ಬಿಡುವಿಲ್ಲ. ಹಳೆಯ ಪದ್ಧತಿಯಲ್ಲಿ ಗಡಿಯಾರಕ್ಕೂ ಜಾಗವಿಲ್ಲ. ಅಲ್ಲಿ ಗೆಲ್ಲುವುದು ದಮ್ಮು. ಮಣ್ಣಿನಿಂದ ಮ್ಯಾಟಿಗೆ ಹೋದವರು ಮೊದಲ ವರ್ಷ ಎಡವುವುದಕ್ಕೆ ಇದೂ ಒಂದು ಕಾರಣ.

ಖುರಾಕು ಹಾಲು, ತುಪ್ಪ, ಬದಾಮಿ ಅರೆದ ಥಂಡಾಯಿ. ಜೈನರೂ ಲಿಂಗಾಯತರೂ ಹೆಚ್ಚಿರುವ ಈ ಸೀಮೆಯಲ್ಲಿ ಮಾಂಸ ಮುಟ್ಟದ ಪೈಲ್ವಾನರು ಹೊಸಬರಲ್ಲ.

ಮನಸ್ಸಿಗೆ ಆಗುವುದು

ಇಲ್ಲಿ ಎಚ್ಚರಿಕೆಯಿಂದ ಬರೆಯಬೇಕು. ನಿಯಮಿತ ವ್ಯಾಯಾಮದಿಂದ ಖಿನ್ನತೆ, ಕಳವಳ ಕಡಿಮೆಯಾಗುತ್ತವೆ, ನಿದ್ದೆ ಸುಧಾರಿಸುತ್ತದೆ ಎಂಬುದಕ್ಕೆ ಸಾಕಷ್ಟು ಸಂಶೋಧನೆಗಳ ಬೆಂಬಲವಿದೆ. ಕಾಳಗಕಲೆ ಹುಡುಗರ ಸಿಟ್ಟನ್ನು ತಗ್ಗಿಸುತ್ತದೆ ಎಂಬ ಮಾತು ಅಷ್ಟು ಸಲೀಸಲ್ಲ. ಎಂಡ್ರೆಸೆನ್ ಮತ್ತು ಓಲ್ವೇಯಸ್ 2005ರಲ್ಲಿ ಪ್ರಕಟಿಸಿದ ನಾರ್ವೆಯ ಅಧ್ಯಯನ, ಕುಸ್ತಿ, ಬಾಕ್ಸಿಂಗ್, ಭಾರ ಎತ್ತುವಿಕೆ ಮೊದಲಾದವುಗಳಿಗೆ ಸೇರಿದ ಹುಡುಗರಲ್ಲಿ ಪುಂಡಾಟಿಕೆ ಹೆಚ್ಚಿದ್ದನ್ನೇ ಕಂಡಿತು. ಪಟ್ಟು ಕಲಿತ ಮಾತ್ರಕ್ಕೆ ಮನಸ್ಸು ಹದವಾಗುವುದಿಲ್ಲ. ಪಟ್ಟಿನ ಸುತ್ತಲಿನ ಕಟ್ಟಳೆ ಹೇಗಿದೆ ಎಂಬುದರ ಮೇಲೆ ಅದು ನಿಂತಿದೆ. ಬನಾರಸಿನ ಅಖಾಡಗಳ ಕುರಿತು ಜೋಸೆಫ್ ಆಲ್ಟರ್ 1992ರಲ್ಲಿ ಪ್ರಕಟಿಸಿದ ಗ್ರಂಥವೂ ಕುಸ್ತಿಯನ್ನು ಪಂದ್ಯಕ್ಕಿಂತ ಹೆಚ್ಚಾಗಿ ಒಂದು ಬದುಕಿನ ಕ್ರಮವೆಂದೇ ಕಾಣುತ್ತದೆ.

ತಾಲೀಮಿನ ಕಟ್ಟಳೆಗಳು ಸಣ್ಣ ಸಣ್ಣವು. ಚಪ್ಪಲಿ ಹೊರಗೆ. ಇಳಿಯುವ ಮುನ್ನ ಮಣ್ಣು ಮುಟ್ಟಿ ಹಣೆಗೆ. ಹೊರಗೆ ಬೀದಿಜಗಳಕ್ಕಿಳಿದವನಿಗೆ ಒಳಗೆ ಜೋಡಿ ಇಲ್ಲ. ಇವೆಲ್ಲಕ್ಕಿಂತ ದೊಡ್ಡ ಪಾಠ ಸೋಲಿನದು. ದಿನಕ್ಕೆ ಹತ್ತು ಸಲ ತನಗಿಂತ ಬಲಿತವನ ಕೆಳಗೆ ಬಿದ್ದು ಎದ್ದ ಹುಡುಗನಿಗೆ ಬೀಳುವುದು ಅವಮಾನವಾಗಿ ಉಳಿಯುವುದಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಸೋಲೊಪ್ಪದವನನ್ನು ಗೇಲಿ ಮಾಡುತ್ತದೆ. ತಾಲೀಮಿನಲ್ಲಿ ಎಲ್ಲರ ಮೀಸೆಯೂ ದಿನವೂ ಮಣ್ಣಾಗುತ್ತದೆ.

ಹೆಣ್ಣುಮಕ್ಕಳು

ಹಳೆಯ ತಾಲೀಮುಗಳ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಇಂದು ಅವರಿಗೆ ಕುಸ್ತಿಯ ದಾರಿ ಮುಖ್ಯವಾಗಿ ಶಾಲಾ ಕ್ರೀಡಾಕೂಟ ಮತ್ತು ಕ್ರೀಡಾ ವಸತಿನಿಲಯಗಳ ಮ್ಯಾಟು. ಮೇಲಿನ ಲಾಭಗಳಲ್ಲಿ ಗಂಡಸರಿಗೆ ಮಾತ್ರ ಸಲ್ಲುವಂಥದ್ದು ಒಂದೂ ಇಲ್ಲ.

ಅಪಾಯಗಳು

ಮುರುಟಿದ ಕಿವಿ ಪೈಲ್ವಾನನ ಗುರುತು. ಉಜ್ಜಾಟದಿಂದ ಕಿವಿಯ ಮೃದ್ವಸ್ಥಿಗೂ ಅದರ ಮೇಲಿನ ಪೊರೆಗೂ ನಡುವೆ ರಕ್ತ ತುಂಬಿ, ತೆಗೆಸದೆ ಬಿಟ್ಟಾಗ ಗಂಟಾಗಿ ಹೀಗಾಗುತ್ತದೆ. ಮಂಡಿ, ಭುಜ, ಕುತ್ತಿಗೆಯ ಪೆಟ್ಟು, ಮೈಗೆ ಮೈ ತಾಗಿ ಹರಡುವ ಗಜಕರ್ಣ ಸಾಮಾನ್ಯ. ಗಾಯವಿದ್ದವನನ್ನು, ತುರಿಕೆ ಇದ್ದವನನ್ನು ಕಣಕ್ಕಿಳಿಸಬಾರದು. ಮೈಯೊರೆಸುವ ಬಟ್ಟೆ ಹಂಚಿಕೊಳ್ಳಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯ ಕುಸ್ತಿ ಬಿಟ್ಟ ಮೇಲಿನದು. ಮೂವತ್ತು ದಾಟಿದ ಪೈಲ್ವಾನ ಕಬ್ಬಿನ ಹೊಲಕ್ಕೋ ಅಂಗಡಿಗೋ ಮರಳುತ್ತಾನೆ. ದಂಡ-ಬೈಠಕ್ ನಿಲ್ಲುತ್ತದೆ, ತಂಬಿಗೆ ಹಾಲು, ತುಪ್ಪ ನಿಲ್ಲುವುದಿಲ್ಲ. ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ದಾರಿಯಾಗುವುದು ಹೀಗೆ. ಸಾಮು ನಿಂತ ವಾರವೇ ಖುರಾಕು ಅರ್ಧಕ್ಕಿಳಿಯಬೇಕು. ಪಟ್ಟು ಕಲಿಸುವ ವಸ್ತಾದರು ಇದನ್ನೂ ಹೇಳಿಕೊಡುವುದು ಒಳಿತು.