ಹಳೆಯ ಪೆಟ್ಟಿಗೆ, ಮರೆತುಹೋಗುತ್ತಿರುವ ಭಾಷೆ

ಅನೇಕ ಮನೆಗಳಲ್ಲಿ ಪುಸ್ತಕದ ಕಪಾಟಿನ ಮೇಲೋ ಟಿ.ವಿ.ಯ ಹಿಂದೆಯೋ ಹತ್ತು ಹದಿನೈದು ವರ್ಷಗಳಿಂದ ಒಂದು ಸಣ್ಣ ಪೆಟ್ಟಿಗೆ ಕುಳಿತಿರುತ್ತದೆ. ಮನೆಗೆಲ್ಲ ಇಂಟರ್‌ನೆಟ್ ಹಂಚುವ ಕೆಲಸವನ್ನು ಹೊಸ ರೂಟರ್ ವಹಿಸಿಕೊಂಡಿದ್ದರೂ ಈ ಹಳೆಯದಕ್ಕೆ ನಿವೃತ್ತಿ ಸಿಕ್ಕಿರುವುದಿಲ್ಲ. ಅದರ ಹೊಟ್ಟೆಯಲ್ಲಿ ಅಥವಾ ಬೆನ್ನಿನಲ್ಲಿ ಒಂದು ಹಾರ್ಡ್ ಡಿಸ್ಕ್ ಇದೆ. ಮಗಳು ಮೊದಲ ಹೆಜ್ಜೆ ಇಟ್ಟ ದಿನದ ಚಿತ್ರ, ಈಗ ಇಲ್ಲದ ಅಜ್ಜನ ದನಿ, ಮನೆ ಕಟ್ಟಿದ ಲೆಕ್ಕ, ಅರ್ಧಕ್ಕೆ ನಿಂತ ಪ್ರಬಂಧ, ಎಲ್ಲದರ ಪ್ರತಿಯೂ ಅದರಲ್ಲಿದೆ. ‘ಕಂಪ್ಯೂಟರ್ ಕೆಟ್ಟರೂ ಚಿಂತೆಯಿಲ್ಲ, ಬ್ಯಾಕಪ್ ಇದೆ’ ಎಂದು ಮನೆಯವರು ನಿಶ್ಚಿಂತರಾಗಿದ್ದಾರೆ.

ಈ ಧೈರ್ಯ ಎಷ್ಟು ಗಟ್ಟಿ? ಪೆಟ್ಟಿಗೆಯ ದೀಪ ಉರಿಯುತ್ತಿದೆ ಎಂಬುದೊಂದೇ ಇದಕ್ಕೆ ಉತ್ತರವಾಗಲಾರದು. ಆ ಪೆಟ್ಟಿಗೆ ಎಲ್ಲಿಂದ ಬಂತು, ಕಂಪ್ಯೂಟರಿನೊಡನೆ ಅದು ಯಾವ ಭಾಷೆಯಲ್ಲಿ ಮಾತನಾಡುತ್ತದೆ ಎಂಬುದನ್ನು ತಿಳಿಯಬೇಕಾಗುತ್ತದೆ.

ಮನೆಯ ಕಂಪ್ಯೂಟರಿನಲ್ಲಿರುವುದನ್ನು ನಕಲು ಮಾಡಿಡುವ ಅಭ್ಯಾಸ ಹೊಸದಲ್ಲ. 1990ರ ದಶಕದಲ್ಲಿ 1.44 ಮೆಗಾಬೈಟ್ ಹಿಡಿಯುವ ಫ್ಲಾಪಿಗಳನ್ನು ಒಂದೊಂದಾಗಿ ತುರುಕಿ ಪ್ರತಿ ತೆಗೆಯುತ್ತಿದ್ದರು. ಅನಂತರ 700 ಮೆಗಾಬೈಟಿನ ಸಿ.ಡಿ. ಬಂತು. ತೊಡಕು ಇದ್ದದ್ದು ಸಾಧನದಲ್ಲಿ ಅಲ್ಲ, ಮನುಷ್ಯನ ಸೋಮಾರಿತನದಲ್ಲಿ. ಭಾನುವಾರ ಮಾಡೋಣ ಎಂದದ್ದು ತಿಂಗಳಿಗೆ ಹೋಗುತ್ತಿತ್ತು. ಹಾರ್ಡ್ ಡಿಸ್ಕ್ ಕೆಟ್ಟ ದಿನ ನೋಡಿದರೆ ಕೊನೆಯ ಪ್ರತಿ ಹಿಂದಿನ ವರ್ಷದ್ದಾಗಿರುತ್ತಿತ್ತು. ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲದೆ ತಾನಾಗಿಯೇ ನಡೆಯುವ ವ್ಯವಸ್ಥೆಯೊಂದು ಬೇಕಾಗಿತ್ತು. ಅದಕ್ಕೆ ದಾರಿ ತೆರೆದದ್ದು ನಿಸ್ತಂತು ಜಾಲ, ಅಂದರೆ ವೈ-ಫೈ.

1999ರ ಜುಲೈನಲ್ಲಿ ನ್ಯೂಯಾರ್ಕಿನ ಸಮಾವೇಶವೊಂದರಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಇಂಟರ್‌ನೆಟ್ ತೋರಿಸುತ್ತಿದ್ದ ಐಬುಕ್ ಕಂಪ್ಯೂಟರನ್ನು ಒಂದು ಬಳೆಯಾಕಾರದ ಚೌಕಟ್ಟಿನೊಳಗಿಂದ ತೂರಿಸಿ, ಅದಕ್ಕೆ ಯಾವ ತಂತಿಯೂ ಇಲ್ಲವೆಂದು ಸಭೆಗೆ ಮನಗಾಣಿಸಿದರು. ಅಂದು ಹೊರಬಂದ ಏರ್‌ಪೋರ್ಟ್ ಎಂಬ ಸಾಧನದ ಬೆಲೆ 299 ಡಾಲರ್. ಅದರ ಕೆಲಸ ಇಂಟರ್‌ನೆಟ್ಟನ್ನು ಗಾಳಿಯಲ್ಲಿ ಹಂಚುವುದಷ್ಟೇ ಆಗಿತ್ತು. 2007ರ ಜನವರಿಯಲ್ಲಿ ಬಂದ ಏರ್‌ಪೋರ್ಟ್ ಎಕ್ಸ್‌ಟ್ರೀಮ್ ಮಾದರಿಯ ಯುಎಸ್‌ಬಿ ಕಿಂಡಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಮನೆಯ ಎಲ್ಲ ಕಂಪ್ಯೂಟರುಗಳೂ ಅದನ್ನು ಬಳಸಬಹುದಾಯಿತು. ಅದೇ ವರ್ಷದ ಅಕ್ಟೋಬರ್ 26ರಂದು ಬಂದ ಆಪಲ್‌ನ ಹೊಸ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಟೈಮ್ ಮಷೀನ್ ಎಂಬ ಬ್ಯಾಕಪ್ ತಂತ್ರಾಂಶವಿತ್ತು. 2008ರ ಜನವರಿ 15ರಂದು ಜಾಬ್ಸ್ ಎರಡನ್ನೂ ಒಂದುಗೂಡಿಸಿದರು. ರೂಟರ್, ಹಾರ್ಡ್ ಡಿಸ್ಕ್ ಎರಡೂ ಒಂದೇ ಬಿಳಿಯ ಪೆಟ್ಟಿಗೆಯಲ್ಲಿ! ಅದರ ಹೆಸರು ಟೈಮ್ ಕ್ಯಾಪ್ಸೂಲ್. 500 ಗಿಗಾಬೈಟಿನದಕ್ಕೆ 299 ಡಾಲರ್, ಒಂದು ಟೆರಾಬೈಟಿನದಕ್ಕೆ 499 ಡಾಲರ್.

ಟೈಮ್ ಮಷೀನಿನ ಜಾಣತನವನ್ನು ಇಲ್ಲಿ ಗಮನಿಸಬೇಕು. ಅದು ಮೊದಲ ಸಲ ಎಲ್ಲವನ್ನೂ ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಗಂಟೆಗೊಮ್ಮೆ ಬದಲಾದ ಕಡತಗಳನ್ನು ಮಾತ್ರ ಸೇರಿಸುತ್ತಾ ಹೋಗುತ್ತದೆ. ಕಳೆದ 24 ಗಂಟೆಗಳಿಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿ ಉಳಿಯುತ್ತದೆ. ಡಿಸ್ಕ್ ತುಂಬಿದಾಗ ಅತ್ಯಂತ ಹಳೆಯದು ಅಳಿಯುತ್ತದೆ. ಹೀಗಾಗಿ ನಿನ್ನೆ ತಪ್ಪಿ ಅಳಿಸಿದ ಕಡತವನ್ನೂ ಇಂದು ಹಿಂದಕ್ಕೆ ಪಡೆಯಬಹುದು. ಮನೆಯವರು ಮಾಡಬೇಕಾದದ್ದು ಏನೂ ಇಲ್ಲ. ಜನ ಈ ಪೆಟ್ಟಿಗೆಯನ್ನು ನಂಬಿದ್ದು ಇದರಿಂದಲೇ.

ಆಪಲ್ ಕಂಪ್ಯೂಟರ್ ಇಲ್ಲದವರ ದಾರಿ ಬೇರೆಯಾಗಿತ್ತು. 2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪನಿ ಡಬ್ಲ್ಯೂಆರ್‌ಟಿ54ಜಿ ಎಂಬ ರೂಟರನ್ನು ಮಾರುಕಟ್ಟೆಗೆ ತಂದಿತು. ನೀಲಿ ಕಪ್ಪು ಬಣ್ಣದ ಮೈ, ಹಿಂದೆ ಕೊಂಬಿನಂತೆ ಎರಡು ಆಂಟೆನಾ. ಅದರೊಳಗೆ ಓಡುತ್ತಿರುವುದು ಲಿನಕ್ಸ್ ಎಂದು 2003ರಲ್ಲಿ ಕುತೂಹಲಿಗಳು ಪತ್ತೆ ಹಚ್ಚಿದರು. ಲಿನಕ್ಸ್ ಮುಕ್ತ ತಂತ್ರಾಂಶ; ಅದನ್ನು ಬಳಸಿ ಸಾಧನ ಮಾರುವವರು ಅದರ ಮೂಲ ಸಂಕೇತವನ್ನೂ ಕೊಡಬೇಕೆಂಬುದು ಅದರ ಪರವಾನಗಿಯ ಷರತ್ತು. ಒತ್ತಾಯ ಬಂದ ಮೇಲೆ ಅದೇ ವರ್ಷ ಮೂಲ ಸಂಕೇತ ಪ್ರಕಟವಾಯಿತು. ಅದನ್ನು ಹಿಡಿದು 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಯೋಜನೆ ಆರಂಭವಾಯಿತು. ರೂಟರಿಗೆ ಕಾರ್ಖಾನೆಯಲ್ಲಿ ತುಂಬಿದ ತಂತ್ರಾಂಶವನ್ನು ತೆಗೆದು, ತಮಗೆ ಬೇಕಾದ ತಂತ್ರಾಂಶ ತುಂಬುವ ವಿದ್ಯೆ ಹೀಗೆ ಹವ್ಯಾಸಿಗಳ ಕೈಗೆ ಬಂತು. ಅದೇ ವರ್ಷ ಲಿಂಕ್‌ಸಿಸ್ ತಂದ ಎನ್‌ಎಸ್‌ಎಲ್‌ಯು2 ಎಂಬ ಅಂಗೈಯಗಲದ ಪೆಟ್ಟಿಗೆ ಯುಎಸ್‌ಬಿ ಡಿಸ್ಕನ್ನು ಮನೆಯ ಜಾಲಕ್ಕೆ ಸೇರಿಸುತ್ತಿತ್ತು. ಅದರ ಸ್ಮರಣೆ ಕೇವಲ 32 ಮೆಗಾಬೈಟ್. ಹವ್ಯಾಸಿಗಳು ಅದಕ್ಕೆ ‘ಸ್ಲಗ್’, ಅಂದರೆ ಗೊಂಡೆಹುಳು, ಎಂದು ಅಡ್ಡಹೆಸರಿಟ್ಟು ಮನೆಯ ಬ್ಯಾಕಪ್ಪಿಗೆ ದುಡಿಸಿದರು.

ಈ ಪೆಟ್ಟಿಗೆಗಳೆಲ್ಲ ಕಂಪ್ಯೂಟರಿನೊಡನೆ ಮಾತನಾಡುವುದು ಹೇಗೆ? ‘ಈ ಕಡತ ಕೊಡು’, ‘ಇದನ್ನು ಅಲ್ಲಿಡು’ ಎಂದು ಹೇಳಲು ಎರಡೂ ಕಡೆ ಒಪ್ಪಿದ ನಿಯಮಗಳ ಒಂದು ಭಾಷೆ ಬೇಕು. ಅಂಥ ಎರಡು ಭಾಷೆಗಳು 1980ರ ದಶಕದಲ್ಲಿ ಹುಟ್ಟಿದವು. ಐಬಿಎಂ ಕಂಪನಿಯಲ್ಲಿ ಹುಟ್ಟಿ ಮೈಕ್ರೋಸಾಫ್ಟ್ ಬೆಳೆಸಿದ್ದು ಎಸ್‌ಎಂಬಿ. ಆಪಲ್‌ನದು ಎಎಫ್‌ಪಿ. 1991ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ಎರಡು ಕಂಪ್ಯೂಟರುಗಳ ನಡುವೆ ಹರಿಯುವ ಸಂದೇಶಗಳನ್ನು ಕದ್ದು ಕೇಳುವಂತೆ ಗಮನಿಸಿ, ಆ ಭಾಷೆಯ ವ್ಯಾಕರಣವನ್ನು ತಾವೇ ಬಿಡಿಸಿಕೊಂಡರು. ಹೀಗೆ ಹುಟ್ಟಿದ ಮುಕ್ತ ತಂತ್ರಾಂಶವೇ ಸಾಂಬಾ. ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದವನ್ನು ನಿಘಂಟಿನಲ್ಲಿ ಹುಡುಕಿಸಿದಾಗ ಸಿಕ್ಕ ಹೆಸರು ಅದು. ಲಿನಕ್ಸ್ ತುಂಬಿದ ಪುಟ್ಟ ಪೆಟ್ಟಿಗೆಗಳು ವಿಂಡೋಸ್ ಕಂಪ್ಯೂಟರುಗಳಿಗೆ ಡಿಸ್ಕ್ ಒದಗಿಸುವಂತಾದದ್ದು ಬಹುಮಟ್ಟಿಗೆ ಸಾಂಬಾದ ಬಲದಿಂದ.

ಪೆಟ್ಟಿಗೆಯ ಆಯುಷ್ಯಕ್ಕೂ ಭಾಷೆಯ ಆಯುಷ್ಯಕ್ಕೂ ಹೊಂದಾಣಿಕೆ ಇಲ್ಲದಿರುವುದೇ ಇಂದಿನ ಸಮಸ್ಯೆ. 2017ರ ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಒಂದೆರಡು ದಿನಗಳಲ್ಲೇ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಅದು ನುಗ್ಗಿದ್ದು ಎಸ್‌ಎಂಬಿಯ ಮೊದಲ ಆವೃತ್ತಿಯ ಲೋಪದ ಮೂಲಕ. ಆ ಲೋಪಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ ತೇಪೆ ಕೊಟ್ಟಿತ್ತು, ಅನೇಕರು ಹಾಕಿಸಿಕೊಂಡಿರಲಿಲ್ಲ. ಆ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಹಳೆಯ ಎಸ್‌ಎಂಬಿ ತಾನಾಗಿ ಇರುವುದು ನಿಂತಿತು. 2019ರಲ್ಲಿ ಸಾಂಬಾ ಕೂಡ ಅದೇ ಹಾದಿ ಹಿಡಿಯಿತು. ಹಳೆಯ ರೂಟರುಗಳಲ್ಲಿ ಅನೇಕಕ್ಕೆ ಗೊತ್ತಿರುವುದು ಆ ಮೊದಲ ಆವೃತ್ತಿ ಮಾತ್ರ. ಹೊಸ ಕಂಪ್ಯೂಟರ್ ಕೊಂಡುತಂದ ದಿನ ‘ಡಿಸ್ಕ್ ಕಾಣಿಸುತ್ತಿಲ್ಲ’ ಎಂದು ಮನೆಯವರು ತಲೆ ಕೆಡಿಸಿಕೊಳ್ಳುವುದು ಈ ಕಾರಣಕ್ಕೆ. ಡಿಸ್ಕಿಗೆ ಏನೂ ಆಗಿರುವುದಿಲ್ಲ. ಹೊಸಬನಿಗೆ ಹಳಬನ ಮಾತು ತಿಳಿಯುವುದಿಲ್ಲ, ಅಷ್ಟೆ.

ಆಪಲ್ ಪೆಟ್ಟಿಗೆಯ ಕಥೆಯೂ ಇದೇ. 2013ರಲ್ಲೇ ಆಪಲ್ ತನ್ನ ಕಂಪ್ಯೂಟರುಗಳ ನಡುವಿನ ವ್ಯವಹಾರಕ್ಕೆ ಎಸ್‌ಎಂಬಿಯ ಎರಡನೆಯ ಆವೃತ್ತಿಗೆ ಮೊದಲ ಮಣೆ ಹಾಕಿ, ಎಎಫ್‌ಪಿಯನ್ನು ಬದಿಗೆ ಸರಿಸಿತು. ಆದರೆ ಅದೇ ವರ್ಷ ಹೊರಬಂದ ಟೈಮ್ ಕ್ಯಾಪ್ಸೂಲಿನ ಕೊನೆಯ ಮಾದರಿಗೂ ಎಎಫ್‌ಪಿ ಮತ್ತು ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಬಿಟ್ಟರೆ ಬೇರೆ ಭಾಷೆ ಬರಲಿಲ್ಲ. 2018ರ ಏಪ್ರಿಲ್ 26ರಂದು ಆಪಲ್ ತನ್ನ ರೂಟರುಗಳಿಗೆಲ್ಲ ವಿದಾಯ ಹೇಳಿತು. ಎಎಫ್‌ಪಿಯನ್ನು ಮುಂದಿನ ಆವೃತ್ತಿಯೊಂದರಲ್ಲಿ ಪೂರ್ತಿ ತೆಗೆದುಹಾಕುವುದಾಗಿ 2025ರಲ್ಲಿ ಪ್ರಕಟಿಸಿತು. ಆ ಆವೃತ್ತಿಗೆ ಬದಲಾದ ಕಂಪ್ಯೂಟರಿಗೆ ಮನೆಯ ಬಿಳಿ ಪೆಟ್ಟಿಗೆ ಮೂಕ.

ಇದಕ್ಕಿಂತ ದೊಡ್ಡ ಅಪಾಯವೂ ಇದೆ. ತಯಾರಕರು ಕೈಬಿಟ್ಟ ಪೆಟ್ಟಿಗೆಯಲ್ಲಿ ಲೋಪ ಕಂಡರೆ ಮುಚ್ಚುವವರಿರುವುದಿಲ್ಲ. ವೆಸ್ಟರ್ನ್ ಡಿಜಿಟಲ್ ಕಂಪನಿ 2010ರಲ್ಲಿ ತಂದ ಮೈ ಬುಕ್ ಲೈವ್ ಎಂಬ ಜಾಲ ಡಿಸ್ಕಿಗೆ ಕೊನೆಯ ಸುಧಾರಣೆ ಸಿಕ್ಕಿದ್ದು 2015ರಲ್ಲಿ. 2021ರ ಜೂನ್‌ನಲ್ಲಿ ಇಂಟರ್‌ನೆಟ್ಟಿಗೆ ತೆರೆದುಕೊಂಡಿದ್ದ ಅಂಥ ಡಿಸ್ಕುಗಳಿಗೆ ದಾಳಿಕೋರರು ದೂರದಿಂದಲೇ ‘ಎಲ್ಲ ಅಳಿಸು’ ಎಂಬ ಆಜ್ಞೆ ಕೊಟ್ಟರು. ಅನೇಕರ ವರ್ಷಗಟ್ಟಲೆಯ ಚಿತ್ರಗಳು ಹೇಳಹೆಸರಿಲ್ಲದಂತಾದವು. ಕಂಪನಿ ಕೊಟ್ಟ ಸಲಹೆ, ಸಾಧನವನ್ನು ಇಂಟರ್‌ನೆಟ್ಟಿನಿಂದ ಬಿಡಿಸಿಡಿ ಎಂಬುದು. ಬ್ಯಾಕಪ್ ಎಂದು ಇಟ್ಟದ್ದೇ ಏಕೈಕ ಪ್ರತಿಯಾಗಿದ್ದವರಿಗೆ ಆ ಸಲಹೆ ಬರುವ ವೇಳೆಗೆ ಕಾಲ ಮಿಂಚಿತ್ತು.

ಹಾಗಾದರೆ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದೇ ಸರಿಯೆ? ಹಾಗೇನೂ ಇಲ್ಲ. ಅದರ ಮಿತಿ ತಿಳಿದು ಬಳಸಿದರೆ ಇನ್ನೂ ಕೆಲಸಕ್ಕೆ ಬರುತ್ತದೆ. ಅದನ್ನು ರೂಟರ್ ಹುದ್ದೆಯಿಂದ ಇಳಿಸಿ, ಸುರಕ್ಷಿತವಾದ ಹೊಸ ರೂಟರಿನ ಹಿಂದೆ ಇರಿಸಬೇಕು. ಹೊರಗಿನಿಂದ ಒಳಬರುವ ಬಾಗಿಲು ಮುಚ್ಚಬೇಕು. ವೇಗದ ಲೆಕ್ಕವನ್ನೂ ಹಾಕಿಕೊಳ್ಳಬೇಕು. ಸೆಕೆಂಡಿಗೆ 54 ಮೆಗಾಬಿಟ್ ಎಂದು ಬರೆದಿರುವ ಹಳೆಯ ವೈ-ಫೈ ನಿಜವಾಗಿ ಕೊಡುವುದು 20ರ ಆಸುಪಾಸು. ಆ ವೇಗದಲ್ಲಿ 100 ಗಿಗಾಬೈಟ್ ಸಾಗಿಸಲು ಹನ್ನೊಂದು ಗಂಟೆ ಬೇಕು. ನಡುವೆ ಸಂಪರ್ಕ ಕಡಿದರೆ ಪ್ರತಿ ಕೆಡುವುದುಂಟು. ಟೈಮ್ ಮಷೀನ್ ತನ್ನ ಪ್ರತಿಯನ್ನು ತಾನೇ ಪರೀಕ್ಷಿಸಿ, ಹೊಸದಾಗಿ ಮೊದಲಿನಿಂದ ಆರಂಭಿಸಬೇಕೆಂದು ಹೇಳಿದ ಅನುಭವ ಹಲವರಿಗಿದೆ. ಆಗ ಹಿಂದಿನ ವರ್ಷಗಳ ಪ್ರತಿಗಳೆಲ್ಲ ಹೋದಂತೆಯೇ. ಆದ್ದರಿಂದ ಮೊದಲ ದೊಡ್ಡ ನಕಲನ್ನಾದರೂ ತಂತಿ ಜೋಡಿಸಿ ಮಾಡುವುದು ಮೇಲು. ಲಿನಕ್ಸ್ ಒಗ್ಗುವ ಪೆಟ್ಟಿಗೆಯಾದರೆ, ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ರಚಿಸಿದ ಆರ್‌ಸಿಂಕ್ ಎಂಬ ತಂತ್ರಾಂಶವಿದೆ. ಅದು ಕಡತವನ್ನು ತುಂಡುಗಳಾಗಿ ಹೋಲಿಸಿ, ಬದಲಾದ ತುಂಡುಗಳನ್ನಷ್ಟೇ ಕಳುಹಿಸುವುದರಿಂದ ನಿಧಾನದ ಹಾದಿಯಲ್ಲೂ ಕೆಲಸ ಸಾಗುತ್ತದೆ. ಟೈಮ್ ಕ್ಯಾಪ್ಸೂಲ್ ಉಳ್ಳವರು ಅದರ ಯುಎಸ್‌ಬಿ ಕಿಂಡಿಗೆ ಇನ್ನೊಂದು ಡಿಸ್ಕ್ ಸಿಕ್ಕಿಸಿ, ಒಳಗಿರುವುದನ್ನೆಲ್ಲ ಅದಕ್ಕೆ ಇಳಿಸಿಕೊಳ್ಳಬಹುದು. ಹಳೆಯ ಭಾಷೆ ಬಲ್ಲ ಕಂಪ್ಯೂಟರೊಂದು ಮನೆಯಲ್ಲಿ ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.

ಪ್ರತಿ ಮಾಡುವುದೆಂದರೆ ಏನೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿದಳು. ಅವನ್ನೆಲ್ಲ ಒಂದೇ ಭಂಡಾರದಲ್ಲಿ ಇರಿಸಲಿಲ್ಲ, ಹಂಚಿದಳು. ಓಲೆಗರಿಯ ಗ್ರಂಥಗಳು ನಮ್ಮವರೆಗೆ ಬಂದದ್ದು ಗರಿ ಗಟ್ಟಿಯಾಗಿತ್ತೆಂದಲ್ಲ; ಹುಳ ತಿನ್ನುವ ಮೊದಲು, ಹಳೆಯ ಲಿಪಿ ಓದುವವರು ಇಲ್ಲವಾಗುವ ಮೊದಲು, ಪ್ರತಿ ತಲೆಮಾರಿನಲ್ಲೂ ಯಾರೋ ಕುಳಿತು ಮತ್ತೆ ಬರೆದರೆಂದು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಡಿಜಿಟಲ್ ಚಿತ್ರಗಳಿಗಾಗಿ ಬಳಕೆಗೆ ತಂದ ‘ಮೂರು-ಎರಡು-ಒಂದು’ ಸೂತ್ರವೂ ಇದಕ್ಕೆ ಹತ್ತಿರದ್ದೇ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಈ ಲೆಕ್ಕದಲ್ಲಿ ಹಳೆಯ ರೂಟರಿನ ಡಿಸ್ಕ್ ಮೂರನೆಯದಾಗಿದ್ದರೆ ಲಾಭ, ಒಂದೇ ಆಗಿದ್ದರೆ ಅಪಾಯ.

ಇನ್ನೊಂದು ಪರೀಕ್ಷೆ ಎಲ್ಲಕ್ಕಿಂತ ಸುಲಭ, ಮಾಡುವವರು ಮಾತ್ರ ಕಡಿಮೆ. ಮನೆಯ ಹೊಸ ಕಂಪ್ಯೂಟರಿನಿಂದ ಆ ಹಳೆಯ ಪೆಟ್ಟಿಗೆಯನ್ನು ತೆರೆದು, ಐದು ವರ್ಷದ ಹಿಂದಿನ ಒಂದು ಚಿತ್ರವನ್ನು ಹೊರತೆಗೆದು ನೋಡಬೇಕು. ಚಿತ್ರ ಬಂದರೆ ಬ್ಯಾಕಪ್ ಇದೆ ಎಂದು ಅರ್ಥ. ಬರದಿದ್ದರೆ, ಇಷ್ಟು ವರ್ಷ ಮನೆಯಲ್ಲಿದ್ದದ್ದು ಒಂದು ಹಸಿರು ದೀಪ ಮಾತ್ರ.