‘ಪಟ್ಟಂಗಟ್ಟು’ ಎಂಬ ಮಾತಿನ ಅರ್ಥವಿಚಾರ

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಅಮೃತೇಶ್ವರ ದಂಡನಾಯಕನು 1196ರಲ್ಲಿ ಶಿವಾಲಯವನ್ನು ಕಟ್ಟಿಸಿದಾಗ ಆಳುತ್ತಿದ್ದವನು ಹೊಯ್ಸಳ ಇಮ್ಮಡಿ ವೀರಬಲ್ಲಾಳ. ಆತನಿಗೆ ಪಟ್ಟವಾದುದು 1173ರಲ್ಲಿ. ‘ಪಟ್ಟವಾಯಿತು’ ಎಂದೊಡನೆ ಇಂದಿನ ಓದುಗರ ಕಣ್ಣಿಗೆ ಕಟ್ಟುವುದು ಸಿಂಹಾಸನ ಇಲ್ಲವೆ ಕಿರೀಟ. ಆದರೆ ಶಬ್ದದ ಮೂಲಾರ್ಥವು ಇವೆರಡೂ ಅಲ್ಲ.

ಪಟ್ಟವೆಂದರೆ ಹಣೆಗೆ ಕಟ್ಟುವ ಪಟ್ಟಿ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದರ ಲಕ್ಷಣವನ್ನು ಹೇಳಿದ್ದಾನೆ. ಅದು ಶುದ್ಧ ಸುವರ್ಣದ್ದಾಗಿರಬೇಕು. ನಡುವಿನ ಅಗಲವು ಅರಸನಿಗೆ 8 ಅಂಗುಲ, ರಾಣಿಗೆ 7, ಯುವರಾಜನಿಗೆ 6, ಸೇನಾಪತಿಗೆ 4. ಅರಸನ ಪಟ್ಟಕ್ಕೆ 5 ಶಿಖೆಗಳು, ಸೇನಾಪತಿಯದಕ್ಕೆ ಒಂದೇ. ಇದರಿಂದ ಪಟ್ಟವು ಅರಸನೊಬ್ಬನ ಸೊತ್ತಲ್ಲ, ಪದವಿಗೆ ತಕ್ಕಂತೆ ಅಳತೆಗೊಂಡ ಗೌರವಚಿಹ್ನೆಯೆಂಬುದು ವಿದಿತವಾಗುತ್ತದೆ. ಪಟ್ಟದರಸಿ, ಪಟ್ಟದಾನೆ ಎಂಬ ಮಾತುಗಳು ಹುಟ್ಟಿದುದೂ ಈ ಹಿನ್ನೆಲೆಯಲ್ಲಿಯೇ. ಸುಮಾರು 890ರ ಬೇಗೂರು ಶಾಸನವು ಇದಕ್ಕೆ ಸಾಕ್ಷಿ: ನಾಗತ್ತರನು ಕಾಳಗದಲ್ಲಿ ಮಡಿದಾಗ ಗಂಗರ ಎರೆಯಪ್ಪರಸನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ದಯಪಾಲಿಸಿದನು.

ಕನ್ನಡದಲ್ಲಿ ಈ ಶಬ್ದದೊಡನೆ ಬರುವ ಕ್ರಿಯಾಪದವು ‘ಕಟ್ಟು’ ಎಂಬುದು ಗಮನಾರ್ಹ. ಸಂಸ್ಕೃತ ಶಾಸನಗಳ ‘ಪಟ್ಟಬಂಧ’ವೂ ಇದೇ, ರಾಷ್ಟ್ರಕೂಟ ಮೂರನೆಯ ಇಂದ್ರನ ಪಟ್ಟಬಂಧೋತ್ಸವವು 915ರಲ್ಲಿ ಕುರುಂದಕದಲ್ಲಿ ನಡೆಯಿತು. ಅಭಿಷೇಕವು ಬೇರೆ ಕ್ರಿಯೆ, ಅದು ಪವಿತ್ರಜಲವನ್ನೆರೆಯುವುದು. ‘ಪಟ್ಟಾಭಿಷೇಕ’ವೆಂಬ ಸಮಾಸದಲ್ಲಿ ಈ ಎರಡೂ ಕೂಡಿವೆ. ಕಾಲಕ್ರಮದಲ್ಲಿ ಪಟ್ಟವು ಆಸನವೆಂಬ ಅರ್ಥವನ್ನು ತಾಳಿ ‘ಪಟ್ಟವೇರು’ ಎಂಬ ಪ್ರಯೋಗ ರೂಢವಾಯಿತು. ಆದರೂ ‘ಕಳ್ಳನೆಂಬ ಪಟ್ಟ ಕಟ್ಟಿದರು’ ಎಂಬ ಆಡುಮಾತಿನಲ್ಲಿ ಹಳೆಯ ಕ್ರಿಯಾಪದವು ಇನ್ನೂ ಉಳಿದಿದೆ.

ಏರುವುದಕ್ಕೂ ಕಟ್ಟಿಸಿಕೊಳ್ಳುವುದಕ್ಕೂ ಅಂತರವುಂಟು. ಏರುವವನು ತಾನೇ ಏರಬಹುದು. ಹಣೆಗೆ ಪಟ್ಟ ಕಟ್ಟಲು ಮತ್ತೊಬ್ಬರ ಕೈ ಬೇಕು. ರಾಷ್ಟ್ರಕೂಟರ ಸೆರೆಯಿಂದ ಬಿಡುಗಡೆ ಹೊಂದಿದ ಗಂಗ ಶಿವಮಾರನ ಹಣೆಗೆ ರಾಷ್ಟ್ರಕೂಟ ಗೋವಿಂದನೂ ಪಲ್ಲವ ನಂದಿವರ್ಮನೂ ಸ್ವಹಸ್ತದಿಂದ ಪಟ್ಟ ಕಟ್ಟಿದರೆಂದು ಗಂಗರ ತಾಮ್ರಶಾಸನವು ಹೇಳುತ್ತದೆ. ಕಟ್ಟುವವರಿಲ್ಲದೆ ಪಟ್ಟವಿಲ್ಲ, ಕಟ್ಟಿದವರಿಗೆ ಪಟ್ಟಸ್ಥನು ಹೊಣೆಗಾರ.

ವೀರಶೈವ ಮಠಪರಂಪರೆಯು ಈ ಶಬ್ದವನ್ನು ಅರಮನೆಯಿಂದ ಗುರುಮನೆಗೆ ತಂದುಕೊಂಡಿದೆ. ಪಟ್ಟಾಧಿಕಾರ, ಪಟ್ಟಾಧ್ಯಕ್ಷ, ಪಟ್ಟದ್ದೇವರು ಎಂಬ ಮಾತುಗಳು ಭಕ್ತರಿಗೆ ಚಿರಪರಿಚಿತ. ‘ನಿರಂಜನ ಚರಪಟ್ಟಾಧಿಕಾರ’ ಎಂಬ ಪ್ರಯೋಗವಂತೂ ವಿಶೇಷ ಅರ್ಥಗರ್ಭಿತ. ಚರನೆಂದರೆ ಸಂಚರಿಸುವವನು, ಒಂದೆಡೆ ನೆಲೆನಿಂತು ಭೋಗಿಸುವವನಲ್ಲ. ಅರಸೊತ್ತಿಗೆಯ ಶಬ್ದವು ವಿರಕ್ತಿಯ ಶಬ್ದದೊಡನೆ ಕೂಡಿದಾಗ ಅಧಿಕಾರವು ಸೇವೆಯಾಗಿ ಮಾರ್ಪಡುತ್ತದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಏರುವ ಪೀಠಕ್ಕೆ ಶೂನ್ಯಸಿಂಹಾಸನವೆಂಬ ಹೆಸರಿರುವುದೂ ಈ ದೃಷ್ಟಿಗೆ ಹೊಂದುತ್ತದೆ.

ಸಂಸ್ಥಾನಗಳು 1947ರ ಬಳಿಕ ವಿಲೀನಗೊಂಡು ಅರಸರ ಪಟ್ಟವು ಇತಿಹಾಸಕ್ಕೆ ಸೇರಿತು. ಮಠಗಳಲ್ಲಿ ಶಬ್ದವೂ ವಿಧಿಯೂ ಜೀವಂತವಾಗಿವೆ. ಪಟ್ಟವು ಏರಿದುದಲ್ಲ, ಗುರುವೂ ಭಕ್ತಸಮೂಹವೂ ಕಟ್ಟಿದುದೆಂಬ ಮೂಲಾರ್ಥವು ನೆನಪಿನಲ್ಲಿರುವವರೆಗೆ ಆ ವಿಧಿಗೆ ಬೆಲೆಯುಂಟು. ಅದು ಮರೆತರೆ ಉಳಿಯುವುದು ಬರಿಯ ಉತ್ಸವ.