ಗಡಿ ತಾಲ್ಲೂಕುಗಳ ಜನಪದ ಕಲೆ: ಪೋಷಣೆ ನಡೆದು ಬಂದ ದಾರಿ

ಆಡಳಿತದ ಲೆಕ್ಕದಲ್ಲಿ ರಾಯದುರ್ಗ, ಮಡಕಶಿರಾಗಳು ಆಂಧ್ರಪ್ರದೇಶಕ್ಕೆ ಸೇರಿವೆ. ಹಾಡು, ಕುಣಿತ, ಜಾತ್ರೆಗಳ ನಂಟು ಮಾತ್ರ ಬಳ್ಳಾರಿ, ಮೊಳಕಾಲ್ಮೂರು, ಪಾವಗಡ, ಶಿರಾಗಳ ಜೊತೆಗಿದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರ ಅಕ್ಟೋಬರ್ 1ರಂದು ಆದೋನಿ, ಆಲೂರುಗಳೊಂದಿಗೆ ಆಂಧ್ರಕ್ಕೆ ಹೋಯಿತು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಮಡಕಶಿರಾ ಸೀಮೆಯಲ್ಲಿದೆ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು.

ಈ ಸೀಮೆಯ ಕಲಾವಿದರಿಗೆ ಮೊದಲ ಪೋಷಕರು ಊರವರೇ. ಮಳೆ ಬಾರದಿದ್ದರೆ ಕಿಳ್ಳೇಕ್ಯಾತರನ್ನು ಕರೆಸಿ ತೊಗಲುಗೊಂಬೆ ಆಡಿಸುತ್ತಿದ್ದರು. ಮದುವೆಗೆ ಸೋಬಾನೆ, ಮ್ಯಾಸಬೇಡರ ದೇವರ ಉತ್ಸವಕ್ಕೆ ಉರುಮೆ ವಾದ್ಯ, ಕಾಡುಗೊಲ್ಲರ ದೈವ ಜುಂಜಪ್ಪನಿಗೆ ಗಣೆ ಎಂಬ ಕೊಳಲು ಬೇಕೇ ಬೇಕಿತ್ತು. ಪ್ರತಿಫಲ ದವಸ, ಬಟ್ಟೆಯ ರೂಪದಲ್ಲಿ ಬರುತ್ತಿತ್ತು. ಕಲೆಗೆ ಸಂದರ್ಭವಿತ್ತು, ಆದ್ದರಿಂದ ಕಲಿಯುವವರೂ ಇದ್ದರು.

ಎರಡನೆಯದು ಸಂಗ್ರಹದ ಕಾಲ. 1931ರಲ್ಲಿ ಹಲಸಂಗಿ ಗೆಳೆಯರ ಜನಪದ ಗೀತೆಗಳ ಸಂಕಲನ ‘ಗರತಿಯ ಹಾಡು’ ಬಂತು. ಮುಂದೆ ಜೀ.ಶಂ. ಪರಮಶಿವಯ್ಯನವರು ಜಾನಪದ ಅಧ್ಯಯನಕ್ಕೆ ವಿಶ್ವವಿದ್ಯಾಲಯದಲ್ಲಿ ಜಾಗ ದೊರಕಿಸಿದರು. ಚಳ್ಳಕೆರೆ ಸೀಮೆಯ ಕಾಡುಗೊಲ್ಲ ಗಾಯಕಿ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಬರೆದಿಟ್ಟರು. ತೆಲುಗು ಮನೆಮಾತಿನ ಬುಡ್ಗಜಂಗಮ ಸಮುದಾಯದ ದರೋಜಿ ಈರಮ್ಮ ಕುಮಾರರಾಮನ ಕಾವ್ಯವನ್ನು ಕನ್ನಡದಲ್ಲಿ ಹಾಡಿದರು. ಗಡಿನಾಡಿನ ಕಲೆಗೆ ಒಂದೇ ಭಾಷೆಯ ಬೇಲಿ ಹಾಕಲಾಗದು ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಹಾಡು ಪುಸ್ತಕ ಸೇರಿದಷ್ಟು ಸಲೀಸಾಗಿ ಮುಂದಿನ ಗಂಟಲನ್ನು ಸೇರಲಿಲ್ಲ.

ಆಮೇಲೆ ಸಂಸ್ಥೆಗಳು ಬಂದವು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕವನ್ನು ಬೆಳೆಸಿದರು. ಜಾನಪದ ಅಕಾಡೆಮಿಯಿಂದ ಪ್ರಶಸ್ತಿಗಳು, ಸರ್ಕಾರದಿಂದ ಕಲಾವಿದರಿಗೆ ಮಾಸಾಶನ ಬಂದವು. 2011ರಲ್ಲಿ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಆಯಿತು. ಗಡಿ ಭಾಗದ ಕನ್ನಡ ಚಟುವಟಿಕೆಗೆ ನೆರವಾಗಲೆಂದು 2010ರ ಕಾಯ್ದೆಯಡಿ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. ಇವೆಲ್ಲ ದೊಡ್ಡ ಕೆಲಸಗಳೇ. ಆದರೂ ಒಂದು ದಿನದ ಉತ್ಸವ, ಒಂದು ಶಾಲು, ಒಂದು ಫಲಕದಲ್ಲಿ ಪೋಷಣೆ ಮುಗಿದುಹೋಗುವ ಅಪಾಯ ಈ ಘಟ್ಟದಲ್ಲೇ ಹುಟ್ಟಿದ್ದು.

ಈ ಅಪಾಯದಿಂದ ಪಾರಾಗುವ ದಾರಿ ತೋರಿಸುವುದು ತೊಗಲುಗೊಂಬೆ. ಧರ್ಮವರಂ ಬಳಿಯ ನಿಮ್ಮಲಕುಂಟದಲ್ಲಿ ಆಟಕ್ಕೆ ಕರೆ ಕಡಿಮೆಯಾದಾಗ ಕಲಾವಿದರು ಅದೇ ಚರ್ಮದಲ್ಲಿ ದೀಪದ ಕವಚ, ಗೋಡೆಚಿತ್ರ ಮಾಡಿ ಕೈಕಸುಬನ್ನು ಉಳಿಸಿಕೊಂಡರು. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟದ ಕಥೆಗಳನ್ನು ತೊಗಲುಗೊಂಬೆಯ ಪರದೆಗೆ ತಂದು ಹೊಸ ಪ್ರೇಕ್ಷಕರನ್ನು ಗಳಿಸಿದರು. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಒಂದು ಕಡೆ ಕಸುಬಿಗೆ ಮಾರುಕಟ್ಟೆ, ಇನ್ನೊಂದು ಕಡೆ ಆಟಕ್ಕೆ ಹೊಸ ವಸ್ತು: ಎರಡೂ ಬೇಕು. ದೀಪದ ಕವಚ ಮಾತ್ರ ಉಳಿದರೆ ಆಟದ ಹಾಡು, ಮಾತು ಕಳೆದುಹೋಗುತ್ತವೆ.

ಆಂಧ್ರದಲ್ಲಿದ್ದು ಕನ್ನಡದಲ್ಲಿ ಹಾಡುವವರು ಎರಡೂ ಸರ್ಕಾರಗಳ ಪಟ್ಟಿಯಿಂದ ಬಿಟ್ಟುಹೋಗುವುದು ಸುಲಭ. ಆದ್ದರಿಂದ ಎರಡೂ ರಾಜ್ಯಗಳು ಸೇರಿ ಈ ತಾಲ್ಲೂಕುಗಳ ಕಲಾವಿದರ ಪಟ್ಟಿ ಮಾಡಲಿ. ಹಿರಿಯ ಕಲಾವಿದರಿಗೆ ಮಾಸಾಶನ ಸಿಗುವಾಗ, ಅವರ ಬಳಿ ಕಲಿಯುವ ಮಕ್ಕಳಿಗೂ ಶಿಷ್ಯವೇತನ ಸಿಗಲಿ. ಧ್ವನಿಮುದ್ರಣದ ಒಂದು ಪ್ರತಿ, ಹಾಡಿದವರ ಹೆಸರಿನೊಂದಿಗೆ, ಆಯಾ ಊರಿನ ಶಾಲೆಗೆ ತಲುಪಲಿ. ನಾವೂ ನಮ್ಮ ಮದುವೆ, ಜಾತ್ರೆಗಳಿಗೆ ಈ ಕಲಾವಿದರನ್ನು ಕರೆದು, ತಕ್ಕ ಸಂಭಾವನೆ ಕೊಡೋಣ.